ನಾಯಿಮರಿಗಳಲ್ಲಿ ವಾಂತಿ-ಭೇದಿ: ಮೊದಲ ದಿನದ ಆರೈಕೆ

ಬಿಳಿಗಿರಿರಂಗನ ಬೆಟ್ಟದ ಆಸುಪಾಸಿನ ಯಳಂದೂರು, ಮಾಂಬಳ್ಳಿ, ಕೊಳ್ಳೇಗಾಲ, ಹನೂರು ಕಡೆಯ ರೈತರಿಗೆ ನಾಯಿ ಎಂಬುದು ಶೋಕಿಯ ಪ್ರಾಣಿಯಲ್ಲ. ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೆ ಮೊದಲು ಎಚ್ಚರಿಸುವುದು ಅದು. ಕುರಿ ಕೊಟ್ಟಿಗೆಯ ಹತ್ತಿರ ಚಿರತೆ ಸುಳಿದರೆ ಮೊದಲು ಬೊಗಳುವುದೂ ಅದೇ. ರಾತ್ರಿ ತೋಟ ಕಾಯುವವನಿಗೆ ಅದಕ್ಕಿಂತ ಒಳ್ಳೆಯ ಜೊತೆಯಿಲ್ಲ. ಆದರೂ ಹಸು, ಎತ್ತುಗಳ ಆರೋಗ್ಯದ ಬಗ್ಗೆ ತೋರುವ ಕಾಳಜಿಯನ್ನು ನಾಯಿಮರಿಯ ಬಗ್ಗೆ ತೋರುವವರು ಕಡಿಮೆ. ಮರಿ ಸತ್ತರೆ ಇನ್ನೊಂದನ್ನು ತಂದರಾಯಿತು ಎನ್ನುವುದೇ ರೂಢಿಯಾಗಿದೆ. ಹಾಗೆ ತಂದ ಮರಿಯೂ ಅದೇ ಅಂಗಳದಲ್ಲಿ ಹದಿನೈದು ದಿನದೊಳಗೆ ವಾಂತಿ-ಭೇದಿಯಿಂದ ಸಾಯುವುದುಂಟು. ಮನೆಗೆ ನಾಯಿ ಆಗಿಬರುವುದಿಲ್ಲ ಎಂದು ಆಗ ಹೇಳುವರು. ಆಗಿಬರದಿರುವುದಕ್ಕೆ ಕಾರಣ ಅಂಗಳದ ಮಣ್ಣಿನಲ್ಲಿರುತ್ತದೆ. ಆ ವಿಷಯವನ್ನು ಮುಂದೆ ತಿಳಿಸಲಾಗಿದೆ.

"ಮರಿ ಕಕ್ಕತಾ ಅದ, ಯಾನ ಮಾಡದು?" ಎಂದು ಈ ಭಾಗದಲ್ಲಿ ಯಾರಾದರೂ ಕೇಳಿದರೆ, ತಿರುಗಿ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಹೊತ್ತಿನಿಂದ?" ಎಂಬುದು. ದೊಡ್ಡ ನಾಯಿ ಒಂದು ದಿನ ಉಪವಾಸವಿದ್ದು ತಾನಾಗಿಯೇ ಸುಧಾರಿಸಿಕೊಳ್ಳಬಲ್ಲದು. ಎರಡು ಮೂರು ತಿಂಗಳ ಮರಿಗೆ ಆ ಶಕ್ತಿ ಇರುವುದಿಲ್ಲ.

ನೀರು ಹೋಗುವುದೇ ಅಪಾಯ

ಮರಿಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುವುದು. ತೂಕದ ನೂರಕ್ಕೆ 5 ಭಾಗದಷ್ಟು ನೀರು ಹೋದರೆ ಮರಿ ಮಂಕಾಗುವುದು. ನೂರಕ್ಕೆ 10-12 ಭಾಗ ಹೋದರೆ ಪ್ರಾಣಕ್ಕೇ ಸಂಚಕಾರ. ಲೆಕ್ಕ ಹಾಕಿ ನೋಡಿ. 2 ಕಿಲೋ ತೂಗುವ ಮರಿಗೆ ನೂರಕ್ಕೆ 10 ಎಂದರೆ 200 ಮಿಲಿಲೀಟರ್, ಅಂದರೆ ಒಂದು ಲೋಟ ನೀರು. ನಾಲ್ಕೈದು ಸಲ ಕಕ್ಕಿ, ನಾಲ್ಕೈದು ಸಲ ನೀರಿನಂತೆ ಭೇದಿ ಮಾಡಿದರೆ ಒಂದು ಲೋಟ ಹೋಗಲು ಇಡೀ ದಿನವೂ ಬೇಕಾಗುವುದಿಲ್ಲ. ಇದರ ಜೊತೆಗೆ ಮರಿಯ ಪಿತ್ತಜನಕಾಂಗದಲ್ಲಿ ಸಕ್ಕರೆಯ ಸಂಗ್ರಹ ಬಹಳ ಅಲ್ಪ. ಹೊಟ್ಟೆಗೆ ಏನೂ ಇಲ್ಲದೆ ಹೊತ್ತು ಕಳೆದಂತೆ ರಕ್ತದ ಸಕ್ಕರೆ ಇಳಿದು, ಮರಿ ತೂರಾಡಿ, ಮೈ ತಣ್ಣಗಾಗಿ ಬೀಳುವುದು. ರೋಗ ಯಾವುದೇ ಆಗಿರಲಿ, ಮರಿಯನ್ನು ಹೆಚ್ಚಾಗಿ ಕೊಲ್ಲುವುದು ಈ ಎರಡು ಕೊರತೆಗಳು. ಆದುದರಿಂದ ಯಾವ ಔಷಧಿ ಎಂದು ಹುಡುಕುವ ಮೊದಲು ನೀರು ಮತ್ತು ಹೊತ್ತು ಎರಡರ ಕಡೆಗೆ ಗಮನ ಕೊಡಬೇಕು.

ನೀರು ಎಷ್ಟು ಹೋಗಿದೆ ಎಂಬುದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಮೇಲಿನ ತುಟಿಯನ್ನು ಎತ್ತಿ ವಸಡನ್ನು ನೋಡಿ. ಆರೋಗ್ಯವಂತ ಮರಿಯ ವಸಡು ಒದ್ದೆಯಾಗಿ, ನಸುಗೆಂಪಾಗಿರುವುದು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ವಸಡು ಅಂಟಂಟಾಗಿದ್ದರೆ ಅಥವಾ ಕೆಂಪು ನಿಧಾನವಾಗಿ ಬಂದರೆ ನೀರು ಬಹಳ ಹೋಗಿದೆ ಎಂದರ್ಥ. ಹೆಗಲ ಮೇಲಿನ ಚರ್ಮವನ್ನು ಹಿಡಿದೆತ್ತಿ ಬಿಡುವ ಪರೀಕ್ಷೆಯೂ ಉಂಟು. ಆದರೆ ತೀರ ಎಳೆಯ ಮರಿಗಳಲ್ಲಿ ಇದನ್ನು ಪೂರ್ತಿ ನಂಬುವಂತಿಲ್ಲ. ಜ್ವರಮಾಪಕವಿದ್ದರೆ ತುದಿಗೆ ಎಣ್ಣೆ ಸವರಿ ಗುದದಲ್ಲಿ ಒಂದು ನಿಮಿಷ ಇಟ್ಟು ನೋಡಬೇಕು. 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 99ಕ್ಕಿಂತ ಕೆಳಗಿಳಿದರೆ ಜ್ವರವಿಲ್ಲವೆಂದು ಸಮಾಧಾನಪಡಕೂಡದು. ಅದು ಜ್ವರಕ್ಕಿಂತಲೂ ಕೆಟ್ಟ ಸೂಚನೆ.

ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯಕ. ಮರಿಗೆ ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ದವಡೆ ಜೋತುಬಿದ್ದಿದ್ದರೆ, ಕೂಗು ಬದಲಾಗಿದ್ದರೆ, ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಬರಿಗೈಯನ್ನು ಬಾಯೊಳಗೆ ಹಾಕಬೇಡಿ. ಹುಚ್ಚುನಾಯಿ ರೋಗವೂ ಹೀಗೆಯೇ ಕಾಣಿಸಿಕೊಳ್ಳುವುದು, ಮತ್ತು ಅದು ಮರಿಗಳಿಗೂ ಬರುವುದು. ಇಂಥ ಮರಿಯ ಜೊಲ್ಲು ಗಾಯಕ್ಕೋ ಕಣ್ಣಿಗೋ ತಗುಲಿದ್ದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಕಣ್ಣನ್ನು ಬರಿ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಮನೆಯಲ್ಲಿ ಮಾಡಬಹುದಾದ ಉಪಚಾರ

ಒಂದೆರಡು ಸಲ ಕಕ್ಕಿದೆ, ಆದರೆ ಮರಿ ಇನ್ನೂ ಚುರುಕಾಗಿದೆ, ಕರೆದರೆ ಬಾಲ ಅಲ್ಲಾಡಿಸಿ ಬರುತ್ತದೆ, ರಕ್ತವಿಲ್ಲ. ಹೀಗಿದ್ದಾಗ ಮಾತ್ರ ಮನೆಯ ಉಪಚಾರ ಸಾಕು. ಮೊದಲು ತಟ್ಟೆಯಲ್ಲಿರುವ ಊಟವನ್ನೂ ಹಾಲನ್ನೂ ತೆಗೆದುಬಿಡಿ. ನಾಲ್ಕರಿಂದ ಆರು ಗಂಟೆ ಕಾಲ ಆಹಾರ ಬೇಡ. ದೊಡ್ಡ ನಾಯಿಯಂತೆ ಇಡೀ ದಿನ ಉಪವಾಸ ಕೆಡವಕೂಡದು.

ವಾಂತಿ ನಿಂತು ಒಂದು ಗಂಟೆಯಾದ ಮೇಲೆ ನೀರು ಪ್ರಾರಂಭಿಸಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ನೀರಿನಲ್ಲಿ ಕರಗಿಸಿ. ಪೊಟ್ಟಣವಿಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಬೇಕು. ಉಪ್ಪು ಇದಕ್ಕಿಂತ ಹೆಚ್ಚಾದರೆ ಉಪಕಾರಕ್ಕೆ ಬದಲಾಗಿ ಅಪಕಾರವಾಗುವುದು. ಕಾಲು ಗಂಟೆಗೊಮ್ಮೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಮಾತ್ರ ಕೊಡಿ. ಇಷ್ಟೇನಾ ಎನಿಸಬಹುದು. ಗಂಟೆಗೆ 20 ಮಿಲಿಲೀಟರ್‌ನಂತೆ ಹತ್ತು ಗಂಟೆಯಲ್ಲಿ 200 ಮಿಲಿಲೀಟರ್ ಆಯಿತು, ಅದೇ ಆ ಒಂದು ಲೋಟ! ಬೋಗುಣಿ ತುಂಬ ಇಟ್ಟರೆ ಬಾಯಾರಿದ ಮರಿ ಒಂದೇ ಸಲ ಕುಡಿದು ಎಲ್ಲವನ್ನೂ ಕಕ್ಕುವುದು. ಒಂದೆರಡು ಗಂಟೆ ಕಕ್ಕದೆ ಉಳಿಸಿಕೊಂಡರೆ ಎರಡು ಚಮಚಕ್ಕೆ ಏರಿಸಬಹುದು.

ದನಕ್ಕೆ ಗೊಟ್ಟದಲ್ಲಿ ಕುಡಿಸುವಂತೆ ಮರಿಯ ತಲೆಯನ್ನು ಮೇಲಕ್ಕೆತ್ತಿ ಸುರಿಯಕೂಡದು. ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುವುದು. ಸೂಜಿ ತೆಗೆದ ಸಿರಿಂಜಿನಿಂದ ಕೆನ್ನೆಯ ಪಕ್ಕದಲ್ಲಿ ಹನಿಹನಿಯಾಗಿ ಬಿಡಬೇಕು, ಮರಿ ತಾನೇ ನೆಕ್ಕಿ ನುಂಗಬೇಕು. ನುಂಗುವಷ್ಟು ಎಚ್ಚರವಿಲ್ಲದ ಮರಿಯ ಬಾಯಿಗೆ ಏನನ್ನೂ ಹಾಕುವಂತಿಲ್ಲ. ಅಂಥ ಮರಿಯ ವಸಡಿಗೆ ಜೇನುತುಪ್ಪವನ್ನೋ ಸಕ್ಕರೆಯ ಗಟ್ಟಿ ಪಾಕವನ್ನೋ ಬೆರಳಿನಿಂದ ತೆಳುವಾಗಿ ಸವರಿ, ಗೋಣಿಚೀಲದಲ್ಲಿ ಬೆಚ್ಚಗೆ ಸುತ್ತಿ, ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಬೇಕು.

ಆಹಾರ ಬಿಡಿಸಿ ಆರು ಗಂಟೆಯಾಗಿ, ವಾಂತಿ ಮರುಕಳಿಸದಿದ್ದರೆ, ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೂಳೆ, ಚರ್ಮ, ಕೊಬ್ಬು ತೆಗೆದು ಬೇಯಿಸಿದ ಕೋಳಿ ಮಾಂಸವನ್ನು ಕಿವುಚಿ ಒಂದೆರಡು ಚಮಚ ಕೊಡಬಹುದು. ಮಾಂಸ ಬಳಸದ ಮನೆಯಲ್ಲಿ ಅನ್ನಕ್ಕೆ ಸ್ವಲ್ಪ ಹುಳಿಯಿಲ್ಲದ ಮೊಸರು ಸಾಕು. ಖಾರ, ಎಣ್ಣೆ, ಒಗ್ಗರಣೆ ಬೇಡ. ಹೀಗೆ ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪವೇ ಕೊಟ್ಟು, ಮೂರು ನಾಲ್ಕು ದಿನಗಳಲ್ಲಿ ಮಾಮೂಲು ಊಟಕ್ಕೆ ತರಬೇಕು.

ಮಾಡಬಾರದ್ದನ್ನೂ ಹೇಳಬೇಕಾಗಿದೆ. ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆ ಕೊಡಬೇಡಿ. ವಿಷವೋ ರೋಗಾಣುವೋ ಹೊರಹೋಗುವುದನ್ನು ಅದು ಕರುಳಿನಲ್ಲೇ ತಡೆದು ನಿಲ್ಲಿಸುವುದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುವುವು. ಉಪ್ಪುನೀರು ಕುಡಿಸಿ ಕಕ್ಕಿಸುವುದು, ಸಾರಾಯಿ ಹನಿಸುವುದು, ಹೊಟ್ಟೆಗೆ ಬರೆ ಹಾಕುವುದು ಇವೆಲ್ಲ ಸಾಯುವ ಮರಿಗೆ ಹಿಂಸೆಯನ್ನೂ ಸೇರಿಸಿದಂತೆ.

ಹೊಟ್ಟೆ ಕೆಡುವುದು ಹೇಗೆ

ಸಾಮಾನ್ಯ ಕಾರಣ ಹಾಲು ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ತಾಯಿಯಿಂದ ಬಿಡಿಸಿದ ಮರಿಗೆ ಹಸುವಿನ ಹಾಲು ಹೊಯ್ಯುವುದು ನಮ್ಮಲ್ಲಿ ವಾಡಿಕೆ. ನಾಯಿಯ ಹಾಲಿನಲ್ಲಿ ಸುಮಾರು ನೂರಕ್ಕೆ 9ರಷ್ಟು ಕೊಬ್ಬು, 7ರಿಂದ 8ರಷ್ಟು ಸಸಾರಜನಕ ಇರುವುದು, ಹಾಲಿನ ಸಕ್ಕರೆ 3-4 ಮಾತ್ರ. ಹಸುವಿನ ಹಾಲಿನಲ್ಲಿ ಕೊಬ್ಬು, ಸಸಾರಜನಕ ಅದರ ಅರ್ಧದಷ್ಟೂ ಇಲ್ಲ, ಹಾಲಿನ ಸಕ್ಕರೆ ಮಾತ್ರ 5ರ ಹತ್ತಿರ. ತಾಯಿಹಾಲು ಬಿಟ್ಟ ಮರಿಯಲ್ಲಿ ಈ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕುಗ್ಗುತ್ತ ಬರುವುದರಿಂದ ಅದು ಕರುಳಿನಲ್ಲಿ ಹುಳಿದು ಭೇದಿಯಾಗುವುದು. ಆರು ವಾರ ತುಂಬುವ ಮೊದಲೇ ಮರಿಯನ್ನು ತಾಯಿಯಿಂದ ಬೇರ್ಪಡಿಸಿ ತರುವುದೇ ತಪ್ಪು. ಎಂಟು ವಾರವಾಗಿದ್ದರೆ ಲೇಸು. ಇನ್ನೊಂದು ಸಂಗತಿ: ಮರಿಗಳಿಗೆ ಮೂರು ನಾಲ್ಕು ವಾರವಾದಾಗ ತಾಯಿನಾಯಿ ತಾನು ತಿಂದದ್ದನ್ನು ಮರಿಗಳ ಮುಂದೆ ಕಕ್ಕುವುದುಂಟು. ಅದು ರೋಗವಲ್ಲ, ಊಟ ಬಡಿಸುವ ಅದರ ರೀತಿ.

ಮರಿ ಮಗುವಿನಂತೆ ಎಲ್ಲವನ್ನೂ ಬಾಯಿಗೆ ಹಾಕುವುದು. ಕೊಳ್ಳೇಗಾಲ, ಮಾಂಬಳ್ಳಿ ಕಡೆ ರೇಷ್ಮೆ ಹಳೆಯ ಕಸುಬು. ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಪ್ಯೂಪಾವನ್ನು ಹಿತ್ತಲಲ್ಲಿ ರಾಶಿ ಹಾಕಿದ್ದರೆ ಮರಿ ಅದನ್ನು ಹೊಟ್ಟೆ ಬಿರಿಯ ತಿನ್ನುವುದು. ಪ್ಯೂಪಾದಲ್ಲಿ ಜಿಡ್ಡು ಹೆಚ್ಚು, ಬೇಗ ಕೊಳೆಯುವುದೂ ಹೌದು. ಈರುಳ್ಳಿ, ಬೆಳ್ಳುಳ್ಳಿ ಹೆಚ್ಚಾಗಿರುವ ಸಾರು ನಾಯಿಯ ರಕ್ತಕಣಗಳನ್ನು ಒಡೆಯುವುದು. ಕೋಳಿಯ ಬೇಯಿಸಿದ ಮೂಳೆ ಸೀಳಿ ಸೂಜಿಯಂತಾಗಿ ಕರುಳಿಗೆ ಚುಚ್ಚಬಹುದು. ಬಟ್ಟೆಯ ಚೂರು, ಪ್ಲಾಸ್ಟಿಕ್, ತೆಂಗಿನ ನಾರು ನುಂಗಿದ್ದರೆ ಕರುಳು ಕಟ್ಟಿ, ಕುಡಿದ ನೀರೂ ನಿಲ್ಲದೆ, ಮಲವೂ ಹೋಗದೆ ಇರುವುದು. ಭೇದಿಯಾಗುತ್ತಿದ್ದ ಮರಿಗೆ ಇದ್ದಕ್ಕಿದ್ದಂತೆ ವಾಂತಿ ಹೆಚ್ಚಿ, ಹೊಟ್ಟೆ ಮುಟ್ಟಿದರೆ ಕೊಳವೆಯಂಥ ಗಟ್ಟಿ ಗಂಟು ಸಿಕ್ಕಿದರೆ, ಕರುಳಿನೊಳಗೆ ಕರುಳು ಸೇರಿಕೊಂಡಿರುವ ಸಂಭವವಿದೆ. ಇವೆರಡಕ್ಕೂ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ವಿಷಗಳ ಮಾತು ಬೇರೆ. ಗಿಡಗಳಿಗೆ ಹಾಕುವ ಹರಳಿಂಡಿಯನ್ನು ಗೊಬ್ಬರವೆಂದು ಅಲಕ್ಷಿಸಬೇಡಿ. ಅದರ ವಾಸನೆಗೆ ನಾಯಿ ಆಸೆಪಡುವುದು, ಅದರಲ್ಲಿರುವ ರಿಸಿನ್ ಎಂಬ ವಿಷದಿಂದ ರಕ್ತಭೇದಿಯಾಗಿ ಸಾಯುವುದು. ಮೂಳೆಗೊಬ್ಬರದೊಂದಿಗೆ ಬೆರೆಸಿದ್ದರಂತೂ ಬಿಡುವುದೇ ಇಲ್ಲ. ಇಲಿಗೆ ಇಟ್ಟ ಜಿಂಕ್ ಫಾಸ್ಫೈಡ್ ತಿಂದ ಮರಿಯ ವಾಂತಿಗೆ ಬೆಳ್ಳುಳ್ಳಿಯಂಥ ವಾಸನೆ ಬರಬಹುದು. ಆ ವಾಂತಿಯಿಂದ ಹೊರಡುವ ಅನಿಲ ಮನುಷ್ಯರಿಗೂ ಅಪಾಯಕಾರಿಯಾದ್ದರಿಂದ ಮರಿಯನ್ನು ಬಯಲಿಗೆ ತನ್ನಿ, ಹಾಲು ಅಥವಾ ಅನ್ನ ಕೊಡಬೇಡಿ. ಹೊಟ್ಟೆಗೆ ಆಹಾರ ಬಿದ್ದರೆ ಆಮ್ಲ ಸುರಿದು ವಿಷ ಹೆಚ್ಚುವುದು. ಕೀಟನಾಶಕ ತಗುಲಿದ್ದರೆ ಜೊಲ್ಲು, ಕಣ್ಣೀರು, ಭೇದಿ, ಮೈ ನಡುಕ ಒಟ್ಟಿಗೆ ಕಾಣುವುವು, ಕಣ್ಣಿನ ಪಾಪೆ ಚುಕ್ಕೆಯಷ್ಟು ಸಣ್ಣದಾಗುವುದು. ಪಶುವೈದ್ಯರಲ್ಲಿ ಇದಕ್ಕೆ ಅಟ್ರೋಪಿನ್ ಎಂಬ ಪ್ರತಿವಿಷವಿದೆ. ಔಷಧಿಯ ಡಬ್ಬಿಯನ್ನೋ ಚೀಟಿಯನ್ನೋ ಮರೆಯದೆ ಜೊತೆಗೆ ತನ್ನಿ.

ಜಂತುಹುಳು

ಜಂತುಹುಳು ಹುಟ್ಟುತ್ತಲೇ ಬರುವುದೆಂದರೆ ಸುಳ್ಳಲ್ಲ. ದುಂಡುಹುಳುವಿನ ಮರಿಗಳು ತಾಯಿಯ ಗರ್ಭದಲ್ಲೇ ಮರಿಯ ದೇಹ ಸೇರುವುವು, ಹಾಲಿನ ಮೂಲಕವೂ ಬರುವುವು. ಕಾಲು ಸಣ್ಣ, ಹೊಟ್ಟೆ ಮಾತ್ರ ಮಡಕೆಯಂತೆ, ಕೂದಲು ಒರಟು, ಆಗಾಗ ಶ್ಯಾವಿಗೆಯಂಥ ಹುಳುಗಳ ವಾಂತಿ ಇವು ಅದರ ಗುರುತು. ಕೊಕ್ಕೆಹುಳು ಕರುಳಿಗೆ ಕಚ್ಚಿ ರಕ್ತ ಹೀರುವುದರಿಂದ ವಸಡು ಬಿಳಿಚಿ, ಮಲ ಟಾರಿನಂತೆ ಕಪ್ಪಾಗುವುದು. ಜಂತುನಾಶಕವನ್ನು 2, 4, 6, 8 ವಾರಗಳಲ್ಲಿ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಿಸಬೇಕು. ತಾಯಿಗೂ ಕೊಡಿಸಬೇಕು. ಮರಿಯನ್ನು ತರಕಾರಿ ತಕ್ಕಡಿಯಲ್ಲಿ ತೂಗಿ, ಆ ತೂಕ ಹೇಳಿ ಔಷಧಿ ಕೇಳಿ. ದನಕ್ಕೆಂದು ತಂದದ್ದನ್ನು ಕಣ್ಣಂದಾಜಿನಲ್ಲಿ ಕುಡಿಸಕೂಡದು. ನಿತ್ರಾಣವಾಗಿ ಕಕ್ಕುತ್ತಿರುವ ಮರಿಗೂ ವೈದ್ಯರನ್ನು ಕೇಳದೆ ಕೊಡಬೇಡಿ. ಈ ಹುಳುಗಳ ಮೊಟ್ಟೆ ಮಣ್ಣಿನಿಂದ ಮಕ್ಕಳ ಬಾಯಿಗೆ ಹೋದರೆ ಹುಳುವಿನ ಮರಿಗಳು ಪಿತ್ತಜನಕಾಂಗ, ಕಣ್ಣುಗಳಿಗೆ ಸೇರಬಲ್ಲವು. ಮರಿಯ ಮಲವನ್ನು ದಿನವೂ ಎತ್ತಿ ಹೂಳುವುದು, ಮಕ್ಕಳ ಕೈ ತೊಳೆಸುವುದು ಈ ಕಾರಣಕ್ಕೆ.

ಪಾರ್ವೊ ಎಂಬ ಅಂಟುರೋಗ

ಅಂಗಳದ ಮಣ್ಣಿನ ವಿಷಯ ಈಗ ಬಂತು. 1978ರಲ್ಲಿ ಜಗತ್ತಿನ ಹಲವು ದೇಶಗಳಲ್ಲಿ ನಾಯಿಗಳಿಗೆ ಅದುವರೆಗೆ ಕಂಡಿರದ ಒಂದು ರಕ್ತಭೇದಿ ಬಂದಿತು. ಕಾರಣ ಪಾರ್ವೊ ಎಂಬ ಹೊಸ ವೈರಸ್ ಎಂದು ಗೊತ್ತಾಯಿತು. 1980ರ ದಶಕದ ಆರಂಭದಲ್ಲಿಯೇ ಅದು ಭಾರತದಲ್ಲೂ ಕಾಣಿಸಿಕೊಂಡಿತು. ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳೇ ಹೆಚ್ಚಾಗಿ ಇದಕ್ಕೆ ತುತ್ತು. ಸೋಂಕು ತಗುಲಿ ಮೂರರಿಂದ ಏಳು ದಿನಕ್ಕೆ ಸಾಮಾನ್ಯವಾಗಿ ಲಕ್ಷಣ ತೋರುವುದು. ಮೊದಲು ಮಂಕು, ಊಟ ಬಿಡುವುದು, ನೊರೆವಾಂತಿ, ಆಮೇಲೆ ಸಹಿಸಲಾಗದ ದುರ್ವಾಸನೆಯ ರಕ್ತಮಿಶ್ರಿತ ಭೇದಿ. ಕರುಳಿನ ಒಳಪೊರೆ ನಾಶವಾಗುವುದಲ್ಲದೆ ರೋಗ ತಡೆಯುವ ಬಿಳಿ ರಕ್ತಕಣಗಳೂ ಕುಸಿಯುವುವು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಹತ್ತರಲ್ಲಿ ಒಂಬತ್ತು ಮರಿಗಳವರೆಗೂ ಸಾಯಬಹುದು. ವೈರಸ್ಸನ್ನೇ ಕೊಲ್ಲುವ ಔಷಧಿಗಿಂತ ರಕ್ತನಾಳಕ್ಕೆ ನೀರು-ಲವಣ ಏರಿಸುವುದು, ವಾಂತಿ ತಡೆಯುವ ಚುಚ್ಚುಮದ್ದು, ಇತರ ಸೋಂಕು ಸೇರದಂತೆ ಜೀವಿರೋಧಕ ಔಷಧಿ, ಇವೇ ಮರಿಯನ್ನು ಉಳಿಸುವುವು. ಬೇಗ ಪ್ರಾರಂಭಿಸಿದರೆ ಹೆಚ್ಚಿನ ಮರಿಗಳು ಬದುಕುವುವು.

ಆದ್ದರಿಂದ ಲಸಿಕೆಯಾಗದ ಮರಿ ರಕ್ತಭೇದಿ ಮಾಡಿದರೆ, ಕೊಟ್ಟ ಪ್ರತಿ ಚಮಚ ನೀರನ್ನೂ ಕಕ್ಕಿದರೆ, ಅಥವಾ ಎರಡು ಮೂರು ಸಲ ಕಕ್ಕಿ ಮಲಗಿದಲ್ಲಿಂದ ಏಳದಿದ್ದರೆ ನಾಳೆ ನೋಡೋಣ ಎನ್ನದೆ ಆಗಲೇ ಹೊರಡಬೇಕು. ವಾಂತಿ-ಭೇದಿಯ ಜೊತೆಗೆ ಕಣ್ಣು ಮೂಗಿನಲ್ಲಿ ಕೀವು, ಕೆಮ್ಮು, ಮೈ ಅದಿರುವುದು ಕಂಡರೆ ಡಿಸ್ಟೆಂಪರ್ ರೋಗವಿರಬಹುದು. ಅದಕ್ಕೂ ತಡಮಾಡುವಂತಿಲ್ಲ. ಒಂದು ಡಬ್ಬಿಯಲ್ಲಿ ಹೊಸ ಮಲವನ್ನು ಒಯ್ಯಿರಿ. ಯಾವಾಗ ಶುರುವಾಯಿತು, ಎಷ್ಟು ಸಲ, ಏನು ತಿಂದಿತ್ತು, ಯಾವ ಔಷಧಿ ಕೊಟ್ಟಿರಿ ಎಂಬುದನ್ನು ಬರೆದುಕೊಂಡು ಹೋದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಕೊಟ್ಟಿದ್ದನ್ನು ಕೊಟ್ಟಿಲ್ಲ ಎನ್ನಬೇಡಿ.

ಪಾರ್ವೊ ಮನುಷ್ಯರಿಗೂ ದನಗಳಿಗೂ ಅಂಟುವುದಿಲ್ಲ. ಆದರೆ ನಮ್ಮ ಚಪ್ಪಲಿ, ಕೈ, ಚೀಲಗಳ ಮೂಲಕ ಮನೆಯಿಂದ ಮನೆಗೆ ಹೋಗುವುದು. ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳು ತೇವ ಇರುವೆಡೆ ವರ್ಷದವರೆಗೂ ಜೀವ ಹಿಡಿದಿರುವುದು. ಫಿನಾಯಿಲಿಗೆ ಅದು ಬಗ್ಗುವುದಿಲ್ಲ. ರೇಷ್ಮೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಲುತೊಂಡೆ ರೋಗ ಬಂದ ಮನೆಯಲ್ಲಿ ತೊಳೆದು ಸೋಂಕು ನಿವಾರಿಸದೆ ಮತ್ತೆ ಚಾಕಿ ಇಳಿಸಿದರೆ ಏನಾಗುವುದೆಂದು ಅವರು ಬಲ್ಲರು. ಅವರು ಹುಳುಮನೆಗೆ ಬಳಸುವ ನೂರಕ್ಕೆ 2ರ ಬ್ಲೀಚಿಂಗ್ ಪುಡಿಯ ದ್ರಾವಣ, ಅಂದರೆ ಲೀಟರ್ ನೀರಿಗೆ 20 ಗ್ರಾಂ, ಇಲ್ಲಿಯೂ ಕೆಲಸಕ್ಕೆ ಬರುವುದು. ಮೊದಲು ಮಲ, ವಾಂತಿಯನ್ನು ಪೂರ್ತಿ ತೆಗೆದು ಸೋಪಿನ ನೀರಿನಲ್ಲಿ ತೊಳೆಯಬೇಕು, ಕೊಳೆಯ ಮೇಲೆ ಸುರಿದರೆ ಬ್ಲೀಚಿಂಗ್ ವ್ಯರ್ಥ. ಸಿಮೆಂಟು ನೆಲ, ತಟ್ಟೆ, ಸರಪಳಿಗಳ ಮೇಲೆ ಹತ್ತು ನಿಮಿಷವಾದರೂ ದ್ರಾವಣ ನಿಲ್ಲಬೇಕು. ನಂತರ ತೊಳೆದು ಬಿಸಿಲಿಗೆ ಒಣಗಿಸಿ. ಫಿನಾಯಿಲನ್ನೋ ಆಸಿಡನ್ನೋ ಅದಕ್ಕೆ ಬೆರೆಸಬೇಡಿ. ಗೋಣಿ ಹಾಸನ್ನು ಸುಟ್ಟುಬಿಡಿ. ಮಣ್ಣಿನ ಅಂಗಳವನ್ನು ಮಾತ್ರ ಯಾವ ದ್ರಾವಣದಿಂದಲೂ ಪೂರ್ತಿ ಶುದ್ಧಿ ಮಾಡಲಾಗದು.

ಲಸಿಕೆ ಮತ್ತು ಹೊಸ ಮರಿ

ಪಾರ್ವೊ ಮತ್ತು ಡಿಸ್ಟೆಂಪರ್ ಎರಡನ್ನೂ ತಡೆಯುವ ಸಂಯುಕ್ತ ಲಸಿಕೆ ಇದೆ. ಆರರಿಂದ ಎಂಟು ವಾರದಲ್ಲಿ ಮೊದಲ ಚುಚ್ಚುಮದ್ದು, ಆಮೇಲೆ ಮೂರು ನಾಲ್ಕು ವಾರಗಳಿಗೊಮ್ಮೆ 16 ವಾರ ತುಂಬುವವರೆಗೆ. ಒಂದು ಹಾಕಿಸಿ ಬಿಟ್ಟರೆ ಸಾಲದೇಕೆ ಎಂದು ಕೇಳುವವರುಂಟು. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆಯನ್ನೂ ಅದು ನಿಷ್ಫಲಗೊಳಿಸುವುದು. ಆ ರಕ್ಷಣೆ ಯಾವ ವಾರ ಇಳಿಯುವುದೆಂಬುದು ಮರಿಯಿಂದ ಮರಿಗೆ ಬೇರೆ. ಅದಕ್ಕಾಗಿಯೇ ಮತ್ತೆ ಮತ್ತೆ ಹಾಕಿಸುವುದು. ವರ್ಷದ ನಂತರ ಇನ್ನೊಮ್ಮೆ ಹಾಕಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಪ್ರತ್ಯೇಕ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ಅನೇಕ ಪಶು ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಹಾಕುವುದುಂಟು, ಮುಂಚಿತವಾಗಿ ವಿಚಾರಿಸಿ.

ಬೆಟ್ಟದ ಅಂಚಿನ ಊರುಗಳಲ್ಲಿ ಈ ಲಸಿಕೆಗೆ ಇನ್ನೊಂದು ಪ್ರಯೋಜನವಿದೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೀಳುನಾಯಿಗಳಿವೆ. ಊರನಾಯಿಯ ಪಾರ್ವೊ, ಡಿಸ್ಟೆಂಪರ್ ಎರಡೂ ಅವುಗಳಿಗೆ ತಗುಲಬಲ್ಲವು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಡಿಸ್ಟೆಂಪರ್ ವೈರಸ್ ಪತ್ತೆಯಾಗಿತ್ತು. ಸತ್ತ ಮರಿಯನ್ನು ಕಾಡಂಚಿಗೋ ನಾಲೆಗೋ ಎಸೆಯದೆ, ಬಾವಿಯಿಂದ ದೂರದಲ್ಲಿ ಮೂರು ನಾಲ್ಕು ಅಡಿ ಆಳಕ್ಕೆ ಸುಣ್ಣ ಹಾಕಿ ಹೂಳಬೇಕು.

ಪಾರ್ವೊ ಬಂದು ಮರಿ ಸತ್ತ ಮನೆಯವರು ಕೂಡಲೆ ಇನ್ನೊಂದು ಎಳೆಮರಿ ತರಬೇಡಿ. ಒಂದು ವರ್ಷ ಕಾಯುವುದು ಕ್ಷೇಮ. ಕಾವಲಿಗೆ ನಾಯಿ ಬೇಕೇಬೇಕೆಂದಿದ್ದರೆ 16 ವಾರದ ಲಸಿಕೆಯೂ ಮುಗಿದು ಎರಡು ವಾರ ಕಳೆದ, ಬೆಳೆದ ಮರಿಯನ್ನೇ ಆರಿಸಿ. ಎಳೆಯದನ್ನು ಈಗಾಗಲೇ ಒಪ್ಪಿಕೊಂಡಿದ್ದರೆ ಲಸಿಕೆಗಳು ಮುಗಿಯುವ ತನಕ ಅದು ತಾಯಿಯ ಮನೆಯಲ್ಲೋ, ರೋಗ ಬಾರದ ನೆಂಟರ ಮನೆಯಲ್ಲೋ ಬೆಳೆಯಲಿ. ಅಲ್ಲಿಗೆ ಅದನ್ನು ನೋಡಲು ಹೋಗುವಾಗ ಹಳೆಯ ಅಂಗಳದಲ್ಲಿ ಮೆಟ್ಟಿದ ಚಪ್ಪಲಿಯನ್ನು ಬಿಟ್ಟುಹೋಗಿ.